ಗೋ, ವೆಂಟ್, ಗಾನ್: ಮಕ್ಕಳ ಇಂಗ್ಲಿಷ್ ರಿವಿಷನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಂಜೆ ಐದೂವರೆಗೆ ನಮ್ಮ ಮನೆಯ ಜಗಲಿ ಮುಂದೆ ಪುಟ್ಟ ಪುಟ್ಟ ಚಪ್ಪಲಿಗಳ ರಾಶಿ ಬೀಳುತ್ತದೆ. ಮೂರನೇ ಕ್ಲಾಸಿನಿಂದ ಆರನೇ ಕ್ಲಾಸಿನವರೆಗಿನ ಮಕ್ಕಳು ಮನೆಪಾಠಕ್ಕೆ ಬರುತ್ತಾರೆ. ಕೆಲವರು ಕನ್ನಡ ಮೀಡಿಯಂ, ಕೆಲವರು ಇಂಗ್ಲಿಷ್ ಮೀಡಿಯಂ. ಏಳು ಗಂಟೆಗೆ ಅವರನ್ನು ಕರೆದುಕೊಂಡು ಹೋಗಲು ಬರುವ ಅಪ್ಪ ಅಮ್ಮಂದಿರು ಗೇಟಿನ ಹತ್ತಿರ ನಿಂತು ಏನಾದರೂ ಕೇಳುತ್ತಾರೆ. ವರ್ಷ ವರ್ಷವೂ ಅವೇ ಪ್ರಶ್ನೆಗಳು. ಗೇಟಿನ ಹತ್ತಿರ ಸೊಳ್ಳೆ ಜಾಸ್ತಿ, ಅರ್ಧ ಉತ್ತರಕ್ಕೇ ಮಾತು ನಿಂತುಬಿಡುತ್ತದೆ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ.

ದಿನಕ್ಕೆ ಎಷ್ಟು ಹೊತ್ತು ರಿವಿಷನ್ ಮಾಡಿಸಬೇಕು?

ಹತ್ತು ನಿಮಿಷ. ಹೇಳಿದರೆ ಯಾರೂ ನಂಬುವುದಿಲ್ಲ. ‘ಅಷ್ಟೇನಾ ಮಿಸ್?’ ಅಂತ ಕೇಳುತ್ತಾರೆ. ಅಷ್ಟೇ. ಆದರೆ ದಿನಾ ಹತ್ತು ನಿಮಿಷ. ಭಾನುವಾರ ಕೂರಿಸಿಕೊಂಡು ಎರಡು ಗಂಟೆ ತಿಕ್ಕಿದರೆ ಸೋಮವಾರ ಎಲ್ಲ ನೆನಪಿರುತ್ತದೆ, ಗುರುವಾರದ ಹೊತ್ತಿಗೆ ಮುಕ್ಕಾಲು ಪಾಲು ಹೋಗಿರುತ್ತದೆ.

ಇದು ನನ್ನ ಸ್ವಂತ ಕಂಡುಹಿಡಿತವೇನಲ್ಲ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಮನಃಶಾಸ್ತ್ರಜ್ಞ ಅರ್ಥವೇ ಇಲ್ಲದ ಪುಟ್ಟ ಪುಟ್ಟ ಶಬ್ದಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದ. ಮರೆವು ಮೊದಲಿಗೆ ಸರ್ರನೆ ಜಾರುತ್ತದೆ, ಆಮೇಲೆ ನಿಧಾನ. ಒಂದೇ ಸಲಕ್ಕೆ ತುಂಬುವ ಬದಲು ಬಿಟ್ಟು ಬಿಟ್ಟು ನೆನಪು ಮಾಡಿಕೊಂಡರೆ ಕಡಿಮೆ ಶ್ರಮದಲ್ಲಿ ಉಳಿಯುತ್ತದೆ ಅಂತಲೂ ಅವನೇ ತೋರಿಸಿದ. ಗಿಡಕ್ಕೆ ನೀರು ಹಾಕುವ ಹಾಗೆಯೇ ಇದು. ವಾರದ ನೀರನ್ನೆಲ್ಲ ಒಂದೇ ದಿನ ಸುರಿದರೆ ಹರಿದುಹೋಗುತ್ತದೆ.

ರಿವಿಷನ್ ಅಂದರೆ ಮತ್ತೆ ಓದಿಸುವುದು ತಾನೇ?

ಅಲ್ಲ. ಎಲ್ಲರೂ ಎಡವುವುದು ಇಲ್ಲೇ.

ಹೋದ ವರ್ಷ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಹನ್ನೆರಡು ಪದಗಳ ಪಟ್ಟಿಯನ್ನು ಮೂರು ಸಲ ಗಟ್ಟಿಯಾಗಿ ಓದಿ ‘ಬಂತು ಮಿಸ್’ ಅಂದಳು. ನೋಟ್‌ಬುಕ್ ಮುಚ್ಚಿಸಿ ಕೇಳಿದೆ. ನಾಲ್ಕು ಹೇಳಿದಳು. ಅವಳಿಗೇ ಆಶ್ಚರ್ಯ. ಕಣ್ಣ ಮುಂದೆ ಇದ್ದಾಗ ಎಲ್ಲವೂ ಗೊತ್ತಿರುವ ಹಾಗೇ ಅನ್ನಿಸುತ್ತದೆ. ಬರುತ್ತಾ ಇಲ್ಲವಾ ಅಂತ ಗೊತ್ತಾಗುವುದು ಪುಸ್ತಕ ಮುಚ್ಚಿದ ಮೇಲೆ.

ಹಾಗಾಗಿ ರಿವಿಷನ್ ಅಂದರೆ ಒಳಗಿರುವುದನ್ನು ಹೊರಗೆ ತೆಗೆಸುವುದು. ಬಾವಿಯಿಂದ ನೀರು ಸೇದುವ ಕೆಲಸ, ಬಾವಿಗೆ ನೀರು ಹಾಕುವ ಕೆಲಸ ಅಲ್ಲ. ಮಗು ತಲೆ ಕೆರೆದುಕೊಂಡು, ಮೇಲೆ ನೋಡಿ, ‘ತಡೀರಿ ತಡೀರಿ, ಹೇಳಬೇಡಿ’ ಅಂತ ಒದ್ದಾಡುತ್ತದಲ್ಲ, ಆ ಅರ್ಧ ನಿಮಿಷದಲ್ಲೇ ಕಲಿಕೆ ಆಗುತ್ತಿರುವುದು. ಆಗ ಬಾಯಿ ಹಾಕಬೇಡಿ. ಪಕ್ಕದಲ್ಲಿ ಕೂತ ಅಣ್ಣನಿಗೂ ಬಾಯಿ ಹಾಕಲು ಬಿಡಬೇಡಿ.

ಯಾವ ಪದ ಯಾವತ್ತು ಕೇಳಬೇಕು ಅಂತ ಲೆಕ್ಕ ಇಡುವುದು ಹೇಗೆ?

ಮೂರು ಡಬ್ಬಿ ಸಾಕು. ನಮ್ಮ ಮನೆಯಲ್ಲಿರುವುದು ಎರಡು ಚಪ್ಪಲಿ ಬಾಕ್ಸು, ಒಂದು ಸ್ವೀಟ್ ಬಾಕ್ಸು. ಕಾರ್ಡಿಗೆ ಹಳೇ ಮದುವೆ ಪತ್ರಿಕೆಗಳು. ದಪ್ಪ ಇರುತ್ತವೆ, ಒಂದು ಬದಿ ಖಾಲಿ ಇರುತ್ತದೆ, ಶ್ರಾವಣ ಕಳೆದರೆ ಬೇಕಾದಷ್ಟು ಸಿಗುತ್ತವೆ. ಕತ್ತರಿಸಿ, ಖಾಲಿ ಬದಿಯಲ್ಲಿ ಪದ ಬರೆದು ಪಕ್ಕದಲ್ಲಿ ಮಗುವಿನ ಕೈಯಲ್ಲೇ ಒಂದು ಚಿತ್ರ ಬಿಡಿಸಿ. ಉತ್ತರವನ್ನು ಹಿಂದುಗಡೆ, ಗಣಪತಿ ಚಿತ್ರದ ಪಕ್ಕ ಸಣ್ಣದಾಗಿ ಬರೆಯಿರಿ.

ಹೊಸ ಕಾರ್ಡು ಮೊದಲನೇ ಡಬ್ಬಿಗೆ. ಅದನ್ನು ದಿನಾ ತೆಗೆಯುವುದು. ಸರಿ ಹೇಳಿದರೆ ಎರಡನೇ ಡಬ್ಬಿಗೆ ಬಡ್ತಿ. ಅದು ಎರಡು ಮೂರು ದಿನಕ್ಕೊಮ್ಮೆ. ಅಲ್ಲೂ ಸರಿ ಹೇಳಿದರೆ ಮೂರನೇದಕ್ಕೆ, ಅದು ವಾರಕ್ಕೊಮ್ಮೆ. ಎಲ್ಲಿ ತಪ್ಪಿದರೂ ವಾಪಸ್ ಮೊದಲನೇ ಡಬ್ಬಿಗೆ. ಹಾವು ಏಣಿ ಆಟದ ಹಾಗೆ, ಆದರೆ ಇಲ್ಲಿ ಹಾವು ಒಂದೇ. ಈ ಪದ್ಧತಿಯನ್ನು ಜನಪ್ರಿಯ ಮಾಡಿದ್ದು ಸೆಬಾಸ್ಟಿಯನ್ ಲೈಟ್ನರ್. ಜರ್ಮನ್ ಭಾಷೆಯಲ್ಲಿ ಬರೆಯುತ್ತಿದ್ದ ವಿಜ್ಞಾನ ಪತ್ರಕರ್ತ, 1972ರಲ್ಲಿ ತನ್ನ ಪುಸ್ತಕದಲ್ಲಿ ವಿವರಿಸಿದ. ಇವತ್ತು ಮೊಬೈಲಿನಲ್ಲಿ ಬರುವ ಎಷ್ಟೋ ಕಾರ್ಡ್ ಆ್ಯಪ್‌ಗಳ ಹೊಟ್ಟೆಯೊಳಗೆ ಇದೇ ಲೆಕ್ಕ ಇದೆ.

ದಿನಕ್ಕೆ ಹೊಸ ಕಾರ್ಡು ಐದಕ್ಕಿಂತ ಜಾಸ್ತಿ ಬೇಡ. ಮೊದಲನೇ ಡಬ್ಬಿ ಉಬ್ಬಿಕೊಂಡರೆ ಮಗು ಅದರ ಕಡೆ ತಲೆ ಹಾಕಿಯೂ ಮಲಗುವುದಿಲ್ಲ.

ನಮ್ಮ ಹುಡುಗ ‘ಐ ಈಟೆಡ್ ಇಡ್ಲಿ’ ಅಂತಾನೆ. ‘ಟೀಚ್ಡ್’ ಅಂತಾನೆ. ಎರಡನೇ ಕ್ಲಾಸಿನಲ್ಲಿ ಸರಿಯಾಗಿ ಹೇಳುತ್ತಿದ್ದ. ಹಿಂದಕ್ಕೆ ಹೋಗುತ್ತಿದ್ದಾನಾ?

ಇಲ್ಲ, ಮುಂದಕ್ಕೇ ಹೋಗುತ್ತಿದ್ದಾನೆ. ಎರಡನೇ ಕ್ಲಾಸಿನಲ್ಲಿ ಅವನು ‘ಏಟ್’ ಅಂದಿದ್ದು ಗಿಳಿಪಾಠ. ಕೇಳಿದ್ದನ್ನು ಹಾಗೇ ಹೇಳಿದ. ಈಗ ಅವನ ತಲೆಗೆ ಒಂದು ನಿಯಮ ಹೊಳೆದಿದೆ: ನಡೆದುಹೋದ ಕೆಲಸಕ್ಕೆ ಕೊನೆಯಲ್ಲಿ ಇ-ಡಿ ಸೇರಿಸಬೇಕು. ಹೊಸ ಸುತ್ತಿಗೆ ಸಿಕ್ಕಿದವನ ಹಾಗೆ ಕಂಡದ್ದಕ್ಕೆಲ್ಲ ಹೊಡೆಯುತ್ತಿದ್ದಾನೆ.

ಅಮೆರಿಕದ ಜೀನ್ ಬರ್ಕೋ ಎಂಬ ಭಾಷಾ ಸಂಶೋಧಕಿ 1958ರಲ್ಲಿ ಇದನ್ನು ಚೆಂದವಾಗಿ ಪರೀಕ್ಷೆ ಮಾಡಿದಳು. ಇಂಗ್ಲಿಷ್ ಮನೆಮಾತಿನ ಪುಟ್ಟ ಮಕ್ಕಳಿಗೆ ಒಂದು ಚಿತ್ರ ತೋರಿಸಿ, ‘ಈ ಮನುಷ್ಯನಿಗೆ ಗ್ಲಿಂಗ್ ಮಾಡುವುದು ಗೊತ್ತು, ನಿನ್ನೆಯೂ ಅವನು ಅದನ್ನೇ ಮಾಡಿದ. ನಿನ್ನೆ ಅವನು ಏನು ಮಾಡಿದ?’ ಅಂತ ಕೇಳಿದಳು. ಗ್ಲಿಂಗ್ ಅನ್ನುವ ಪದವೇ ಇಲ್ಲ, ಅವಳೇ ಹುಟ್ಟಿಸಿದ್ದು. ಮಕ್ಕಳು ‘ಗ್ಲಿಂಗ್ಡ್’ ಅಂದರು. ದೊಡ್ಡವರನ್ನು ಕೇಳಿದರೆ ಸುಮಾರು ಜನ ಸಿಂಗ್, ಸ್ಯಾಂಗ್ ನೆನಪಾಗಿ ‘ಗ್ಲ್ಯಾಂಗ್’ ಅಂದರು. ಎಲ್ಲೂ ಕೇಳದ ಪದಕ್ಕೂ ಮಕ್ಕಳು ರೂಪ ಕೊಡುತ್ತಾರೆ ಅಂದರೆ ಅದು ಬಾಯಿಪಾಠ ಅಲ್ಲವೇ ಅಲ್ಲ.

ನಮ್ಮ ಮನೆಯಲ್ಲೂ ಇದು ನಡೆದದ್ದೇ. ನನ್ನ ತಂಗಿಯ ಮಗಳು ಮೂರು ವರ್ಷದವಳಿದ್ದಾಗ ‘ದೊಡ್ಡಮ್ಮಾ, ನಾನು ಬೀಳಿದೆ’ ಅಂತ ಅಳುತ್ತಾ ಬಂದಳು. ಓಡು ಓಡಿದೆ, ಆಡು ಆಡಿದೆ, ಬೀಳು ಬೀಳಿದೆ. ಲೆಕ್ಕ ಸರಿಯಾಗಿಯೇ ಇದೆ ಅಲ್ವಾ? ಯಾರೂ ಅವಳಿಗೆ ಗ್ರಾಮರ್ ಪಾಠ ಮಾಡಲಿಲ್ಲ. ‘ಅಯ್ಯೋ ಬಿದ್ಯಾ ಕಂದಾ?’ ಅಂತ ಎತ್ತಿಕೊಂಡೆವು. ಸ್ವಲ್ಪ ದಿನದಲ್ಲಿ ‘ಬಿದ್ದೆ’ ತಾನಾಗಿಯೇ ಬಂತು. ಇಂಗ್ಲಿಷಿಗೂ ಅಷ್ಟೇ ತಾಳ್ಮೆ ಕೊಡಿ.

ಒಟ್ಟು ಎಷ್ಟು ಇರ್ರೆಗ್ಯುಲರ್ ವರ್ಬ್ ಕಲಿಸಬೇಕು?

ಇರ್ರೆಗ್ಯುಲರ್ ವರ್ಬ್ ಅಂದರೆ ಇ-ಡಿ ನಿಯಮಕ್ಕೆ ಬಗ್ಗದ ಕ್ರಿಯಾಪದ. ಗೈಡುಗಳ ಹಿಂಬದಿಯ ಪಟ್ಟಿಯಲ್ಲಿ ನೂರೈವತ್ತು ಇನ್ನೂರು ಇರುತ್ತವೆ. ಐದನೇ ಕ್ಲಾಸು ಮುಗಿಸುವಷ್ಟರಲ್ಲಿ ನಲವತ್ತು ಐವತ್ತು ಗಟ್ಟಿಯಾದರೆ ನನಗೆ ಸಮಾಧಾನ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಕ್ರಿಯಾಪದಗಳೆಲ್ಲ ಈ ಹಠಮಾರಿ ಗುಂಪಿನವೇ: ಬಿ, ಹ್ಯಾವ್, ಡೂ, ಸೇ, ಗೋ, ಗೆಟ್, ಮೇಕ್, ನೋ, ಥಿಂಕ್, ಟೇಕ್, ಸೀ, ಕಮ್. ಇವು ಬಾಯಿಗೆ ಬಂದರೆ ಅರ್ಧ ಮಾತು ಬಂದ ಹಾಗೆ. ‘ಫೋರ್‌ಸೇಕ್’, ‘ಕ್ಲೀವ್’ ಎಲ್ಲ ಈಗ ಯಾರಿಗೆ ಬೇಕು?

ಪಟ್ಟಿಯನ್ನು ಎ ಇಂದ ಝಡ್‌ವರೆಗೆ ಕಲಿಸುವುದೇ ಸರಿ ತಾನೇ?

ದಯವಿಟ್ಟು ಬೇಡ. ಅಕ್ಷರದ ಕ್ರಮ ಹುಡುಕುವವರಿಗೆ, ಕಲಿಯುವವರಿಗಲ್ಲ. ಎ ಇಂದ ಶುರು ಮಾಡಿದರೆ ಮೊದಲ ದಿನವೇ ‘ಅರೈಸ್, ಅರೋಸ್, ಅರಿಸನ್’ ಎದುರಾಗುತ್ತದೆ. ಮೂರನೇ ಕ್ಲಾಸಿನ ಮಗು ಅದನ್ನು ಯಾರ ಹತ್ತಿರ ಆಡಬೇಕು?

ಕುಟುಂಬ ಕುಟುಂಬವಾಗಿ ಕಲಿಸಿ. ನಾನು ಮೊದಲು ಕನ್ನಡದ ಕುಟುಂಬಗಳನ್ನೇ ಬೋರ್ಡಿನ ಮೇಲೆ ಬರೆಯುತ್ತೇನೆ. ಕೊಡು ಕೊಟ್ಟ. ಇಡು ಇಟ್ಟ. ಬಿಡು ಬಿಟ್ಟ. ಸುಡು? ‘ಸುಟ್ಟ!’ ಅಂತ ಎಲ್ಲರೂ ಕೂಗುತ್ತಾರೆ. ಹಾಗಾದರೆ ಮಾಡು? ಯಾರೋ ಒಬ್ಬ ಜೋರಾಗಿ ‘ಮಾಟ್ಟ’ ಅಂತಾನೆ, ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಮಾಡಿದ. ಅಂದರೆ ನಮ್ಮ ಭಾಷೆಯಲ್ಲೂ ನಿಯಮ ಪಾಲಿಸುವವರು ಇದ್ದಾರೆ, ಪಾಲಿಸದವರೂ ಇದ್ದಾರೆ. ಇದು ಗೊತ್ತಾದ ದಿನ ಮಕ್ಕಳ ಮುಖ ನೋಡಬೇಕು. ಇಷ್ಟು ದಿನ ಇಂಗ್ಲಿಷ್ ಒಂದೇ ತಮಗೆ ಮೋಸ ಮಾಡುತ್ತಿದೆ ಅಂದುಕೊಂಡಿರುತ್ತಾರೆ.

ಅದರ ಪಕ್ಕದಲ್ಲೇ ಇಂಗ್ಲಿಷ್ ಬರೆಯುತ್ತೇನೆ. ಸೆಂಡ್ ಸೆಂಟ್. ಲೆಂಡ್ ಲೆಂಟ್. ಸ್ಪೆಂಡ್ ಸ್ಪೆಂಟ್. ಬಿಲ್ಡ್ ಬಿಲ್ಟ್. ಇಲ್ಲೂ ಡ ಹೋಗಿ ಟ ಬಂತು. ಇಲ್ಲೂ ‘ಮಾಡು’ವಿನಂಥವನು ಒಬ್ಬ ಇದ್ದಾನೆ: ಮೆಂಡ್. ಅದು ಮೆಂಟ್ ಆಗುವುದಿಲ್ಲ, ಮೆಂಡೆಡ್.

ಇನ್ನೊಂದು ಕುಟುಂಬ ನನಗೆ ತುಂಬಾ ಇಷ್ಟ. ಬೀಳು ಬಿದ್ದ, ಏಳು ಎದ್ದ, ಕೀಳು ಕಿತ್ತ. ದೀರ್ಘ ಹೋಗಿ ಹ್ರಸ್ವ ಆಯಿತು. ಈಗ ಇದನ್ನು ಹೇಳಿ ನೋಡಿ: ಕೀಪ್ ಕೆಪ್ಟ್, ಸ್ಲೀಪ್ ಸ್ಲೆಪ್ಟ್, ಮೀಟ್ ಮೆಟ್, ಫೀಡ್ ಫೆಡ್. ಎರಡು ಭಾಷೆಗೂ ಸಂಬಂಧ ಇಲ್ಲ, ಹೀಗೆ ಹೊಂದಿಕೊಂಡದ್ದು ಸುಮ್ನೆ ಅದೃಷ್ಟ. ಆದರೆ ನೆನಪಿಟ್ಟುಕೊಳ್ಳಲು ಅದೃಷ್ಟವೂ ಉಪಯೋಗಕ್ಕೆ ಬರುತ್ತದೆ.

ಉಳಿದ ಕುಟುಂಬಗಳಿಗೆ ಕನ್ನಡದ ಜೋಡಿ ಹುಡುಕುತ್ತಾ ಕೂರಬೇಡಿ. ಬದಲಾಗದ ಸೋಮಾರಿಗಳು: ಕಟ್, ಪುಟ್, ಹಿಟ್, ಶಟ್, ಹರ್ಟ್. ಇವನ್ನು ಮೊದಲ ದಿನವೇ ಕೊಡಿ, ಮಕ್ಕಳಿಗೆ ಧೈರ್ಯ ಬರುತ್ತದೆ. ಹಾಡಿನವರು: ಸಿಂಗ್ ಸ್ಯಾಂಗ್, ರಿಂಗ್ ರ‍್ಯಾಂಗ್, ಡ್ರಿಂಕ್ ಡ್ರ್ಯಾಂಕ್, ಸ್ವಿಮ್ ಸ್ವ್ಯಾಮ್. ಊದುವವರು: ಬ್ಲೋ ಬ್ಲೂ, ಗ್ರೋ ಗ್ರೂ, ಥ್ರೋ ಥ್ರೂ, ಫ್ಲೈ ಫ್ಲೂ. ‘ಆಟ್’ ಮನೆತನ: ಬೈ ಬಾಟ್, ಬ್ರಿಂಗ್ ಬ್ರಾಟ್, ಥಿಂಕ್ ಥಾಟ್, ಕ್ಯಾಚ್ ಕಾಟ್, ಟೀಚ್ ಟಾಟ್. ಈ ಮನೆತನದ ಸ್ಪೆಲ್ಲಿಂಗಿನಲ್ಲಿ ಜಿ-ಎಚ್ ಸುಮ್ನೆ ಕೂತಿರುತ್ತದೆ, ಬಾಯಿ ಬಿಡುವುದಿಲ್ಲ. ಮದುವೆ ಮನೆಯಲ್ಲಿ ಕೆಲಸ ಮಾಡದೆ ಊಟಕ್ಕೆ ಮಾತ್ರ ಬರುವ ನೆಂಟರ ಹಾಗೆ ಅಂತ ಹೇಳಿದ್ದೆ, ಆಮೇಲೆ ಯಾರೂ ಅದನ್ನು ಮರೆತಿಲ್ಲ.

ಕೊನೆಗೆ ಒಂಟಿಗರು. ಬಿ-ವಾಸ್ ಮತ್ತು ಗೋ-ವೆಂಟ್. ವೆಂಟ್ ಅನ್ನುವುದು ನಿಜಕ್ಕೂ ಗೋ ಮನೆಯದ್ದೇ ಅಲ್ಲ. ಅದು ‘ವೆಂಡ್’ ಎಂಬ ಹಳೇ ಕ್ರಿಯಾಪದದ ಭೂತಕಾಲ. ಸೆಂಡ್ ಸೆಂಟ್ ಇದ್ದ ಹಾಗೆ ವೆಂಡ್ ವೆಂಟ್. ಬಾಡಿಗೆಗೆ ಬಂದು ಮನೆಯನ್ನೇ ತನ್ನದು ಮಾಡಿಕೊಂಡುಬಿಟ್ಟಿತು.

ಗೋ, ವೆಂಟ್, ಗಾನ್ ಮೂರನ್ನೂ ಒಟ್ಟಿಗೇ ಹೇಳಿಸಬೇಕಾ?

ನಾಲ್ಕನೇ ಕ್ಲಾಸಿನವರೆಗೆ ಮೊದಲ ಎರಡು ಸಾಕು. ಮೂರನೆಯದನ್ನು ಒಂಟಿಯಾಗಿ ಹೇಳಿಸಿದರೆ ಅದು ಮಂತ್ರ ಆಗುತ್ತದೆ, ಅರ್ಥ ಇರುವುದಿಲ್ಲ. ‘ಹ್ಯಾವ್’ ಜೊತೆಗೆ ಕಟ್ಟಿ ಕೊಡಿ. ತಿಂದೆ ಅಂದರೆ ‘ಏಟ್’, ತಿಂದಿದ್ದೇನೆ ಅಂದರೆ ‘ಹ್ಯಾವ್ ಈಟನ್’. ಕನ್ನಡ ಮಕ್ಕಳಿಗೆ ಇದು ಥಟ್ ಅಂತ ಹತ್ತುತ್ತದೆ. ಒಂದೇ ಒಂದು ಎಚ್ಚರ: ಕನ್ನಡದಲ್ಲಿ ‘ನಿನ್ನೆಯೇ ತಿಂದಿದ್ದೇನೆ’ ಅನ್ನಬಹುದು, ಇಂಗ್ಲಿಷಿನಲ್ಲಿ ‘ಯೆಸ್ಟರ್ಡೇ’ ಬಂದರೆ ‘ಹ್ಯಾವ್’ ಎದ್ದು ಹೋಗಬೇಕು.

‘ಐ ಡಿಡ್ ನಾಟ್ ವೆಂಟ್’ ಅನ್ನುವುದನ್ನು ಬಿಡಿಸಲಿಕ್ಕೇ ಆಗುತ್ತಿಲ್ಲ. ಏನು ಮಾಡಲಿ?

ಈ ಪ್ರಶ್ನೆಗೆ ನಾನು ಎಷ್ಟೋ ವರ್ಷ ‘ಡಿಡ್ ಬಂದರೆ ವರ್ಬು ಮೊದಲನೇ ರೂಪಕ್ಕೆ ಬರಬೇಕು’ ಅಂತ ನಿಯಮ ಹೇಳುತ್ತಿದ್ದೆ. ಮಕ್ಕಳು ತಲೆ ಆಡಿಸುತ್ತಿದ್ದರು, ಮತ್ತೆ ‘ಡಿಡ್ ನಾಟ್ ವೆಂಟ್’ ಅನ್ನುತ್ತಿದ್ದರು.

ಒಂದು ದಿನ ಹುಡುಗನೊಬ್ಬ ಹೋಂವರ್ಕ್ ತಂದಿರಲಿಲ್ಲ. ಯಾಕೋ ಅಂದೆ. ‘ಮಿಸ್, ನಿನ್ನೆ ಊರಿಗೆ ಹೋದೆ, ಅದಕ್ಕೆ ಬರೆಯಲಿಲ್ಲ’ ಅಂದ. ನನಗೆ ಅಲ್ಲೇ ಹೊಳೆಯಿತು. ಹೋದೆ, ಆದರೆ ಹೋಗಲಿಲ್ಲ. ಬರೆದೆ, ಆದರೆ ಬರೆಯಲಿಲ್ಲ. ‘ಹೋದಲಿಲ್ಲ’ ಅಂತ ಯಾವ ಕನ್ನಡದ ಮಗುವೂ ಹೇಳುವುದಿಲ್ಲ! ‘ಇಲ್ಲ’ ಬಂದ ಕೂಡಲೇ ‘ಹೋದ’ ವಾಪಸ್ ‘ಹೋಗು’ ಕಡೆಗೆ ಓಡುತ್ತದೆ. ಬಂದ, ಬರಲಿಲ್ಲ. ತಿಂದ, ತಿನ್ನಲಿಲ್ಲ. ಬಿದ್ದ, ಬೀಳಲಿಲ್ಲ. ಇಂಗ್ಲಿಷಿನಲ್ಲಿ ಆಗುವುದೂ ಅದೇ. ‘ಡಿಡ್ ನಾಟ್’ ಅನ್ನುವುದು ನಮ್ಮ ‘ಲಿಲ್ಲ’. ಅದು ಬಂದರೆ ವೆಂಟ್ ಓಡಿಹೋಗಿ ಗೋ ಬರುತ್ತದೆ.

ಈಗ ನಾನು ನಿಯಮ ಹೇಳುವುದೇ ಇಲ್ಲ. ಯಾರಾದರೂ ‘ಡಿಡ್ ನಾಟ್ ವೆಂಟ್’ ಅಂದರೆ ‘ಹೋದಲಿಲ್ವಾ?’ ಅಂತ ಕೇಳುತ್ತೇನೆ. ನಕ್ಕು ತಾವೇ ತಿದ್ದಿಕೊಳ್ಳುತ್ತಾರೆ. ಪ್ರಶ್ನೆಗೂ ಡಿಡ್ ಬರುತ್ತದಲ್ಲ, ‘ಡಿಡ್ ಯು ಗೋ?’ ಅಂತ, ಅಲ್ಲಿ ಈ ಉಪಾಯ ಪೂರ್ತಿ ಹೊಂದುವುದಿಲ್ಲ. ನಮ್ಮಲ್ಲಿ ‘ಹೋದೆಯಾ?’ ಅಂತಲೇ ಕೇಳುತ್ತೇವೆ. ಆದರೆ ‘ಲಿಲ್ಲ’ ಗಟ್ಟಿಯಾದವರಿಗೆ ಪ್ರಶ್ನೆಯೂ ಬೇಗ ಬರುತ್ತದೆ.

ಇ-ಡಿ ಬರುವ ಪದಗಳನ್ನೆಲ್ಲ ‘ವಾಕೆಡ್’, ‘ವಾಶೆಡ್’ ಅಂತ ಓದುತ್ತಾರೆ. ತಪ್ಪಾ?

ತಪ್ಪೇ, ಆದರೆ ನಾವೂ ನಮ್ಮ ಮೇಷ್ಟ್ರುಗಳೂ ಹಾಗೇ ಓದಿದ್ದು. ಬರೆಯುವುದು ಒಂದೇ ಥರ, ಅನ್ನುವುದು ಮೂರು ಥರ. ಪದದ ಕೊನೆಯಲ್ಲಿ ಪ, ಕ, ಸ, ಶ, ಚ, ಫ ಸದ್ದಿದ್ದರೆ ಟ್: ವಾಕ್ಟ್, ವಾಶ್ಟ್, ಜಂಪ್ಟ್. ಕೊನೆಯಲ್ಲಿ ಟ ಅಥವಾ ಡ ಇದ್ದರೆ ಮಾತ್ರ ಇಡ್: ವಾಂಟಿಡ್, ನೀಡಿಡ್. ಮಿಕ್ಕವಕ್ಕೆ ಡ್: ಪ್ಲೇಡ್, ಓಪನ್ಡ್. ಮಕ್ಕಳಿಗೆ ನಿಯಮ ಬೇಡ. ಒಂದು ಸಲ ಚಪ್ಪಾಳೆ ತಟ್ಟಿ ‘ವಾಕ್ಟ್’, ಎರಡು ಸಲ ತಟ್ಟಿ ‘ವಾಂ-ಟಿಡ್’ ಅನ್ನಿಸಿ. ನಮ್ಮ ನಾಲಿಗೆಗೆ ಪದದ ಕೊನೆಯಲ್ಲಿ ಸ್ವರ ಬೇಕೇ ಬೇಕು. ಬಸ್ಸು, ಕಾರು, ಪೆನ್ನು ಅಂತ ಉಕಾರ ಹಾಕಿಯೇ ರೂಢಿ. ಹಾಗಾಗಿ ‘ವಾಕ್ಟು’ ಅಂದರೂ ಗಾಬರಿಯಾಗಬೇಡಿ.

ನೌನ್, ಪ್ರೊನೌನ್, ಅಡ್‌ವರ್ಬ್ ಅಂತ ಹೆಸರೆಲ್ಲ ಬಾಯಿಪಾಠ ಮಾಡಿಸಬೇಕಾ?

ಪರೀಕ್ಷೆಗೆ ಕೇಳಿದರೆ ಮಾಡಿಸಿ. ಇಲ್ಲದಿದ್ದರೆ ಬೇಡ. ‘ಹೆಸರು ಪದ’, ‘ಕೆಲಸದ ಪದ’ ಅಂದರೆ ಈ ವಯಸ್ಸಿಗೆ ಸಾಕು.

ನಮ್ಮ ಮಗಳು ಅಜ್ಜಿಗೆ ‘ದೇ’ ಅಂತಾಳೆ. ‘ಮೈ ಗ್ರ್ಯಾಂಡ್‌ಮದರ್, ದೇ ಆರ್ ಕಮಿಂಗ್’ ಅಂತ. ಯಾಕೆ?

ಮಗಳಿಗೆ ಮರ್ಯಾದೆ ಕಲಿಸಿದ್ದೀರಿ, ಅದಕ್ಕೆ! ಅಜ್ಜಿ ಬಂದಳು ಅಂದರೆ ನಮ್ಮ ಎಷ್ಟೋ ಮನೆಗಳಲ್ಲಿ ಬೈಸಿಕೊಳ್ಳಬೇಕು, ‘ಬಂದರು’ ಅನ್ನಬೇಕು. ಅದೇ ‘ಅವರು’ ಇಂಗ್ಲಿಷಿಗೆ ಹೋಗಿ ‘ದೇ’ ಆಗಿದೆ. ಒಬ್ಬರೇ ಆದರೆ ‘ಶೀ’, ಎಷ್ಟೇ ವಯಸ್ಸಾಗಿರಲಿ. ಇದರಲ್ಲಿ ಅಗೌರವ ಇಲ್ಲ ಅಂತ ಮಗುವಿಗೆ ಬಿಡಿಸಿ ಹೇಳಿ. ಕೆಲವು ಮಕ್ಕಳಿಗೆ ಹೆಡ್‌ಮಿಸ್ಸನ್ನು ‘ಶೀ’ ಅನ್ನಲು ನಿಜವಾಗಿಯೂ ಭಯ ಇರುತ್ತದೆ.

ಹೊಸ ಪದಗಳನ್ನು ಎಲ್ಲಿಂದ ಶುರು ಮಾಡುವುದು?

ಮಗುವಿಗೆ ಆಗಲೇ ಗೊತ್ತಿರುವ ಕಡೆಯಿಂದ. ‘ನನಗೆ ಇಂಗ್ಲಿಷ್ ಬರಲ್ಲ’ ಅಂತ ಅಳುತ್ತಿದ್ದ ಹುಡುಗನ ಕೈಲಿ ಅಡುಗೆಮನೆಯಲ್ಲಿ ಕಾಣುವ ಇಂಗ್ಲಿಷ್ ಪದಗಳನ್ನು ಪಟ್ಟಿ ಮಾಡಿಸಿದೆ. ಗ್ಯಾಸು, ಸ್ಟವ್ವು, ಕುಕ್ಕರ್, ಮಿಕ್ಸಿ, ಫ್ರಿಜ್ಜು, ಪ್ಲೇಟು, ಸ್ಪೂನು, ಲೈಟರು, ಸ್ವಿಚ್ಚು, ಟೊಮೆಟೊ, ಬೀನ್ಸು, ಕ್ಯಾರೆಟ್ಟು. ಹನ್ನೆರಡಕ್ಕೆ ಬಂದಾಗ ಅಳು ನಿಂತಿತ್ತು. ಉಕಾರ ತೆಗೆದು ಹೇಳು ಅಂದೆ, ಅಷ್ಟೇ ಪಾಠ.

ಒಂದು ಗುಂಡಿ ಮಾತ್ರ ನೋಡಿಕೊಳ್ಳಿ. ಕೆಲವು ಪದಗಳು ಕನ್ನಡಕ್ಕೆ ಬರುವಾಗ ಅರ್ಥ ಬದಲಿಸಿಕೊಂಡಿವೆ. ನಾವು ದೋಸೆ ತಿನ್ನಲು ‘ಹೋಟೆಲ್’ಗೆ ಹೋಗುತ್ತೇವೆ. ಹೊರಗಿನವರಿಗೆ ಹೋಟೆಲ್ ಅಂದರೆ ಉಳಿಯುವ ಜಾಗ, ತಿನ್ನುವ ಜಾಗ ರೆಸ್ಟೋರೆಂಟ್. ನಮ್ಮಲ್ಲಿ ‘ಕರೆಂಟ್ ಹೋಯ್ತು’, ಅವರಲ್ಲಿ ‘ದ ಪವರ್ ಈಸ್ ಔಟ್’. ಇವನ್ನು ಬೇರೆ ಬಣ್ಣದ ಕಾರ್ಡಿನಲ್ಲಿ ಬರೆಯಿರಿ.

ಇನ್ನೊಂದು ಮಾತು. ಪದವನ್ನು ಒಂಟಿಯಾಗಿ ಕೇಳಬೇಡಿ, ಜೊತೆಗಾರನ ಸಮೇತ ಕೇಳಿ. ‘ಬ್ರಷ್’ ಅಲ್ಲ, ‘ಬ್ರಷ್ ಮೈ ಟೀತ್’. ‘ಕ್ಯಾಚ್’ ಅಲ್ಲ, ‘ಕ್ಯಾಚ್ ದ ಬಸ್’. ನಾವು ಹಲ್ಲು ಉಜ್ಜುತ್ತೇವೆ, ಪಾತ್ರೆ ತಿಕ್ಕುತ್ತೇವೆ, ಬಟ್ಟೆ ಒಗೆಯುತ್ತೇವೆ. ಯಾವುದಕ್ಕೆ ಯಾವುದು ಜೋಡಿ ಅನ್ನುವುದು ಭಾಷೆಯ ಅರ್ಧ ಗುಟ್ಟು.

ಕಾರ್ಡು ಬೇಜಾರು ಬಂದರೆ ಆಡಿಸಲು ಏನಾದರೂ ಆಟ ಇದೆಯಾ?

ಕುಂಟೆಬಿಲ್ಲೆ. ಅಂಗಳದಲ್ಲಿ ಸೀಮೆಸುಣ್ಣದಿಂದ ಮನೆ ಬರೆದು ಒಂದೊಂದರಲ್ಲಿ ಒಂದೊಂದು ಕ್ರಿಯಾಪದ ಬರೆಯಿರಿ. ಬಿಲ್ಲೆ ಎಲ್ಲಿ ಬಿತ್ತೋ ಆ ಪದಕ್ಕೆ ‘ಯೆಸ್ಟರ್ಡೇ’ ಅಂತ ಶುರುವಾಗುವ ಒಂದು ವಾಕ್ಯ ಹೇಳಿ ಆಮೇಲೆ ಕುಂಟಬೇಕು. ತಪ್ಪಿದರೆ ಆಟ ಹೋಯಿತು. ಎದುರು ಪಾರ್ಟಿಯವರು ಹದ್ದಿನ ಕಣ್ಣು, ಹದ್ದಿನ ಕಿವಿ ಇಟ್ಟು ಕಾಯುತ್ತಾರೆ. ನನಗಿಂತ ಕಟ್ಟುನಿಟ್ಟು. ಒಮ್ಮೆ ‘ಕಾಟ್’ ಸರಿಯೋ ‘ಕ್ಯಾಚ್ಡ್’ ಸರಿಯೋ ಅಂತ ಜಗಳ ಜೋರಾಗಿ, ಪಕ್ಕದ ಮನೆ ಅಜ್ಜ ಕಾಂಪೌಂಡಿನ ಮೇಲಿಂದ ತೀರ್ಪು ಕೊಡಬೇಕಾಯಿತು.

ಮಳೆ ಬಂದರೆ ಚೌಕಾಬಾರ. ಕವಡೆ ಎಷ್ಟು ಬಿತ್ತೋ ಅಷ್ಟು ಕಾರ್ಡು ಹೇಳಿದ ಮೇಲೆ ಕಾಯಿ ನಡೆಸುವುದು.

ತಪ್ಪು ಮಾಡಿದಾಗೆಲ್ಲ ತಿದ್ದಬೇಕಾ?

ಆಟದಲ್ಲಿ, ಕಾರ್ಡಿನಲ್ಲಿ ತಿದ್ದಿ. ಮಾತಾಡುವಾಗ ತಡೆಯಬೇಡಿ. ಮಗು ‘ಐ ಸೀಡ್ ಎ ಸ್ನೇಕ್’ ಅಂತ ಕಣ್ಣರಳಿಸಿ ಓಡಿಬಂದರೆ, ‘ಸೀಡ್ ಅಲ್ಲ, ಸಾ’ ಅನ್ನುವುದು ಯಾವ ನ್ಯಾಯ? ‘ಯು ಸಾ ಎ ಸ್ನೇಕ್? ವೇರ್?’ ಅನ್ನಿ. ಸರಿಯಾದದ್ದು ಕಿವಿಗೆ ಬಿತ್ತು, ಹಾವಿನ ಕಥೆಯೂ ಮುಂದುವರಿಯಿತು.

ಇಂಪೊಸಿಷನ್ ಬಗ್ಗೆ ಹೇಳಿಬಿಡುತ್ತೇನೆ. ನಾನು ಶಾಲೆಯಲ್ಲಿ ಓದುತ್ತಿದ್ದಾಗ ‘ಬ್ರಿಂಗ್ಡ್’ ಅಂತ ಬರೆದದ್ದಕ್ಕೆ ‘ಬ್ರಿಂಗ್, ಬ್ರಾಟ್, ಬ್ರಾಟ್’ ಐವತ್ತು ಸಲ ಬರೆಯಬೇಕಾಯಿತು. ನಾನು ಜಾಣೆ. ಮೊದಲು ಪುಟದುದ್ದಕ್ಕೂ ‘ಬ್ರಿಂಗ್’ ಬರೆದೆ, ಆಮೇಲೆ ಎರಡನೇ ಸಾಲು, ಆಮೇಲೆ ಮೂರನೇ ಸಾಲು. ಇಟ್ಟಿಗೆ ಜೋಡಿಸಿದ ಹಾಗೆ. ಮೂರು ಪದ ಒಟ್ಟಿಗೆ ನನ್ನ ತಲೆಯೊಳಗೆ ಒಂದು ಸಲವೂ ಹೋಗಲಿಲ್ಲ. ಬೆರಳು ನೋವು ಮಾತ್ರ ನೆನಪಿದೆ.

ಸ್ಪೆಲ್ಲಿಂಗ್ ಯಾವಾಗ?

ಬಾಯಿಗೆ ಬಂದ ಮೇಲೆ. ಹೇಳಲು ಬಾರದ ಪದವನ್ನು ಬರೆಯಲು ಕಲಿಸುವುದು ಕಲ್ಲು ಬೇಯಿಸಿದ ಹಾಗೆ. ‘ರೀಡ್’ ಅಂತ ಒಂದು ಪದ ಇದೆಯಲ್ಲ, ಇವತ್ತು ಓದಿದರೆ ರೀಡ್, ನಿನ್ನೆ ಓದಿದ್ದರೆ ರೆಡ್, ಬರೆಯುವಾಗ ಎರಡೂ ಒಂದೇ. ಕಿವಿ ಮೊದಲು ಪಳಗಿರದಿದ್ದರೆ ಇದನ್ನು ಹೇಗೆ ಅರ್ಥ ಮಾಡಿಸುತ್ತೀರಿ?

ಅಮೆರಿಕದಲ್ಲಿರುವ ನಮ್ಮಕ್ಕನ ಮಗ ‘ಗಾಟನ್’ ಅಂತಾನೆ, ಇಲ್ಲಿ ಪುಸ್ತಕದಲ್ಲಿ ‘ಗಾಟ್’ ಅಂತಿದೆ. ಯಾವುದು ಸರಿ?

ಎರಡೂ ಸರಿ. ಅಲ್ಲಿಯದು ಅಲ್ಲಿಗೆ. ‘ಲರ್ನ್ಟ್’, ‘ಲರ್ನ್ಡ್’ ಕೂಡ ಹಾಗೇ. ಇಲ್ಲಿನ ಪರೀಕ್ಷೆಗೆ ಇಲ್ಲಿನ ಪುಸ್ತಕದಲ್ಲಿ ಇರುವುದನ್ನು ಬರೆಯಲಿ. ಧಾರವಾಡದವರು ಮಾತಾಡಿದ್ದು ಮೈಸೂರಿನವರಿಗೆ ತಪ್ಪಾಗಿ ಕೇಳಿಸುತ್ತದಾ?

ನಮಗೇ ಇಂಗ್ಲಿಷ್ ಬರಲ್ಲ ಮಿಸ್. ನಾವು ಹೇಗೆ ರಿವಿಷನ್ ಮಾಡಿಸೋದು?

ಈ ಪ್ರಶ್ನೆ ಕೇಳುವಾಗ ದನಿ ಸಣ್ಣದಾಗುತ್ತದೆ, ನನಗೆ ಸಂಕಟ ಆಗುತ್ತದೆ. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007-08ರಲ್ಲಿ. ಅದಕ್ಕೂ ಮೊದಲು ಕನ್ನಡ ಮೀಡಿಯಂನಲ್ಲಿ ಓದಿದ ನಮಗೆಲ್ಲ ಎ ಬಿ ಸಿ ಡಿ ಶುರುವಾದದ್ದೇ ಐದನೇ ಕ್ಲಾಸಿನಲ್ಲಿ. ನಿಮ್ಮ ತಪ್ಪು ಇದರಲ್ಲಿ ಏನೂ ಇಲ್ಲ.

ನಿಜ ಹೇಳಬೇಕೆಂದರೆ ಇಂಗ್ಲಿಷ್ ಬಾರದ ಅಮ್ಮನೇ ಒಳ್ಳೆಯ ಪರೀಕ್ಷಕಿ. ಕಾರ್ಡಿನ ಹಿಂದೆ ಉತ್ತರವನ್ನು ಕನ್ನಡ ಲಿಪಿಯಲ್ಲೂ ಬರೆಸಿಡಿ. ನೀವು ರೊಟ್ಟಿ ತಟ್ಟುತ್ತಾ ‘ಹೋದೆ ಅನ್ನೋದಕ್ಕೆ ಏನು?’ ಅಂತ ಕನ್ನಡದಲ್ಲಿ ಕೇಳಿ, ಮಗು ಹೇಳಲಿ, ಕಾರ್ಡು ತಿರುಗಿಸಿ ನೋಡಿ. ಇನ್ನೂ ಒಳ್ಳೆಯದು, ‘ನಂಗೆ ಹೇಳಿಕೊಡು’ ಅನ್ನಿ. ಐದನೇ ಕ್ಲಾಸಿನ ಒಬ್ಬಳು ದಿನಾ ತನ್ನ ಅಮ್ಮನಿಗೆ ಐದು ಪದ ಕಲಿಸುತ್ತಿದ್ದಳು. ಅಮ್ಮ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು, ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬರುತ್ತಿದ್ದರಂತೆ. ಮಗಳು ಅಮ್ಮನಿಗೆ ಹಾಕಿದ ಮಾರ್ಕ್ಸ್ ನನಗೆ ತೋರಿಸಿದಳು: ಹತ್ತಕ್ಕೆ ಆರು, ಕೆಳಗೆ ಕೆಂಪು ಇಂಕಿನಲ್ಲಿ ‘ನೀಟಾಗಿ ಬರೆ’. ಆ ವರ್ಷ ಆ ಹುಡುಗಿಗೆ ನಾನು ರಿವಿಷನ್ ಮಾಡಿಸುವ ಅಗತ್ಯವೇ ಬೀಳಲಿಲ್ಲ.

ಮೊಬೈಲ್ ಆ್ಯಪ್ ಹಾಕಿಕೊಡಬಹುದಾ?

ಹಾಕಿಕೊಡಿ, ಹತ್ತು ನಿಮಿಷ. ಆದರೆ ಎಷ್ಟೋ ಆ್ಯಪುಗಳಲ್ಲಿ ನಾಲ್ಕು ಉತ್ತರದಲ್ಲಿ ಒಂದನ್ನು ಒತ್ತಿದರೆ ಸಾಕು, ಬಾಯಿ ಬಿಡಬೇಕಾಗಿಲ್ಲ. ಒತ್ತಿದ ಉತ್ತರವನ್ನು ಜೋರಾಗಿ ಹೇಳಬೇಕು ಅಂತ ಷರತ್ತು ಹಾಕಿ.

ಪರೀಕ್ಷೆ ಹಿಂದಿನ ರಾತ್ರಿ ಏನು ಮಾಡಿಸಲಿ?

ಮೊದಲನೇ ಡಬ್ಬಿಯಲ್ಲಿ ಉಳಿದಿರುವ ಕಾರ್ಡುಗಳು, ಒಂದು ಸುತ್ತು. ಆಮೇಲೆ ಊಟ, ನಿದ್ದೆ.

ಬೇಸಿಗೆ ರಜೆಯಲ್ಲಿ ಎಲ್ಲ ಮರೆತುಬಿಡುತ್ತಾರೆ. ಊರಿಗೆ ಹೋದಾಗ ಡಬ್ಬಿ ಕೊಟ್ಟು ಕಳಿಸಲಾ?

ಡಬ್ಬಿ ಬೇಡ, ಬಸ್ಸಿನಲ್ಲೇ ಕಳೆದುಹೋಗುತ್ತದೆ. ಒಂದು ನಲವತ್ತು ಪುಟದ ನೋಟ್‌ಬುಕ್ ಕೊಡಿ. ದಿನಕ್ಕೆ ಮೂರು ವಾಕ್ಯ, ನಿನ್ನೆ ಏನಾಯಿತು ಅಂತ. ಒಂದರಲ್ಲಾದರೂ ‘ಡಿಡ್ ನಾಟ್’ ಇರಬೇಕು. ಎಲ್ಲ ದಿನವೂ ಬರೆಯುವುದಿಲ್ಲ, ಬಿಡಿ. ಅರ್ಧ ಬರೆದರೂ ಜೂನಿನಲ್ಲಿ ವ್ಯತ್ಯಾಸ ಕಾಣುತ್ತದೆ.

ಹೋದ ಬೇಸಿಗೆಯಲ್ಲಿ ‘ಈಟೆಡ್’ ಹುಡುಗ ಹೀಗೆ ಒಂದು ನೋಟ್‌ಬುಕ್ ತೆಗೆದುಕೊಂಡು ಅಜ್ಜಿ ಮನೆಗೆ ಹೋಗಿದ್ದ. ವಾಪಸ್ ಬಂದಾಗ ಹದಿನೇಳು ದಿನದ್ದು ಬರೆದಿದ್ದ. ಒಂದು ಪುಟದಲ್ಲಿ ಮಾವಿನ ಹಣ್ಣಿನ ರಸದ ಕಲೆ. ಅದರ ಕೆಳಗೆ: ‘ಯೆಸ್ಟರ್ಡೇ ಐ ಫೆಲ್ ಫ್ರಮ್ ಮ್ಯಾಂಗೋ ಟ್ರೀ. ಐ ಡಿಡ್ ನಾಟ್ ಕ್ರೈ. ಅಜ್ಜಿ ಕ್ರೈಡ್.’

ಮ್ಯಾಂಗೋ ಟ್ರೀ ಮುಂದೆ ಒಂದು ‘ಎ’ ಬಿಟ್ಟುಹೋಗಿತ್ತು. ಅದನ್ನು ಮುಂದಿನ ವಾರ ನೋಡಿಕೊಂಡೆವು.